ಅಡುಗೆಮನೆ ಕಥೆಗಳನ್ನು ಷಿಕಾಗೊವರೆಗೆ ಒಯ್ದ ಮೈಸೂರಿನ ಇಂಗ್ಲಿಷ್ ಮೇಷ್ಟ್ರು

ನಂಜನಗೂಡು: ನಾಗಮಂಡಲ ಸಿನಿಮಾ ನೆನಪಿದೆಯಲ್ಲ? ಅದರಲ್ಲಿ ಪ್ರಕಾಶ್ ರೈ ಗಂಡನೂ ಹೌದು, ಹಾವೂ ಹೌದು. ಹಗಲು ಬರುವ ಗಂಡ ಬೇರೆ, ರಾತ್ರಿ ಬರುವ ಗಂಡ ಬೇರೆ ಅಂತ ತಿಳಿಯದ ಹೆಣ್ಣುಮಗಳ ಕಥೆ ಅದು. 1997ರಲ್ಲಿ ಟಿ.ಎಸ್. ನಾಗಾಭರಣ ಮಾಡಿದ ಆ ಚಿತ್ರಕ್ಕೆ ಮೂಲ ಗಿರೀಶ ಕಾರ್ನಾಡರ ನಾಟಕ ಅನ್ನೋದು ಬಹಳ ಜನಕ್ಕೆ ಗೊತ್ತು. ಕಾರ್ನಾಡರಿಗೆ ಆ ಕಥೆ ಹೇಳಿದವರು ಯಾರು ಅನ್ನೋದು ಅಷ್ಟಾಗಿ ಗೊತ್ತಿಲ್ಲ.

ಹೇಳಿದವರು ಮೈಸೂರಿನಲ್ಲೇ ಹುಟ್ಟಿ ಬೆಳೆದವರು. ಮಹಾರಾಜ ಕಾಲೇಜಿನಲ್ಲಿ ಇಂಗ್ಲಿಷ್ ಓದಿ, ಊರೂರು ಸುತ್ತಿ ಇಂಗ್ಲಿಷ್ ಪಾಠ ಮಾಡಿ, ಕೊನೆಗೆ ಅಮೆರಿಕದ ಷಿಕಾಗೊ ವಿಶ್ವವಿದ್ಯಾಲಯದಲ್ಲಿ ಮೂವತ್ತು ವರ್ಷ ಪ್ರೊಫೆಸರ್ ಆಗಿದ್ದ ಎ.ಕೆ. ರಾಮಾನುಜನ್. ಅವರು ತೀರಿಕೊಂಡಿದ್ದು 1993ರ ಜುಲೈ 13ರಂದು. ಮೂರು ದಶಕ ದಾಟಿತು.

ಚಿಕ್ಕಯ್ಯನಛತ್ರ ಹೋಬಳಿಯ ಹಳ್ಳಿಗಳಿಂದ, ಟಿ. ನರಸೀಪುರದ ಕಡೆಯಿಂದ ಬೆಳಿಗ್ಗೆ ಬಸ್ ಹತ್ತಿ ಕಾಲೇಜಿಗೆ ಹೋಗುವ ಮಕ್ಕಳಲ್ಲಿ ಇಂಗ್ಲಿಷ್ ಸಾಹಿತ್ಯ ತಗೊಂಡವರೂ ಇದ್ದಾರೆ. ಮುಂದೆ ಎಂ.ಎ., ಪಿಎಚ್.ಡಿ. ಅಂತ ಯೋಚಿಸುವವರಿಗೆ ಒಂದು ಅನುಮಾನ ಇದ್ದೇ ಇರುತ್ತೆ. ಇಂಗ್ಲಿಷ್‌ನಲ್ಲಿ ಸಂಶೋಧನೆ ಅಂದರೆ ಷೇಕ್ಸ್‌ಪಿಯರ್, ವರ್ಡ್ಸ್‌ವರ್ತ್ ಮೇಲೇ ಬರೆಯಬೇಕಾ? ಅಜ್ಜಿ ಹೇಳಿದ ಕಥೆಗೆ, ಸಂತೆಯಲ್ಲಿ ಆಡುವ ಮಾತಿಗೆ ಅಲ್ಲಿ ಜಾಗ ಇದೆಯಾ? ರಾಮಾನುಜನ್ ಬದುಕನ್ನು ನೋಡಿದರೆ ಇದಕ್ಕೆ ಉತ್ತರ ಸಿಗುತ್ತೆ.

ಮಹಡಿ ಮೇಲೆ ಇಂಗ್ಲಿಷ್, ಕೆಳಗೆ ತಮಿಳು, ಬೀದಿಯಲ್ಲಿ ಕನ್ನಡ

ಅತ್ತಿಪಟೆ ಕೃಷ್ಣಸ್ವಾಮಿ ರಾಮಾನುಜನ್ ಹುಟ್ಟಿದ್ದು 1929ರ ಮಾರ್ಚ್ 16ರಂದು, ಮೈಸೂರಿನ ತಮಿಳು ಮಾತಾಡುವ ಶ್ರೀವೈಷ್ಣವ ಮನೆಯಲ್ಲಿ. ತಂದೆ ಮೈಸೂರು ವಿಶ್ವವಿದ್ಯಾಲಯದಲ್ಲಿ ಗಣಿತದ ಪ್ರಾಧ್ಯಾಪಕರು. ತಾಯಿ ಮನೆ ನೋಡಿಕೊಂಡು, ತಮಿಳು ಕನ್ನಡ ಎರಡನ್ನೂ ಓದುತ್ತಿದ್ದವರು.

ಮನೆಗೆ ಮಹಡಿ ಇತ್ತು. ಮೇಲೆ ಅಪ್ಪನ ಓದುವ ಕೋಣೆ. ಅಲ್ಲಿ ಪುಸ್ತಕ, ಅಲ್ಲಿಗೆ ಬರುವ ದೊಡ್ಡ ದೊಡ್ಡ ಜನ, ಅಲ್ಲಿನ ಮಾತು ಇಂಗ್ಲಿಷ್. ಕೆಳಗಿಳಿದರೆ ಅಡುಗೆಮನೆ. ಅಲ್ಲಿ ಅಮ್ಮ, ಅಜ್ಜಿ, ಮಕ್ಕಳಿಗೆ ಕೈತುತ್ತು ಹಾಕುತ್ತಾ ಕಥೆ ಹೇಳುವ ಹೆಂಗಸರು. ಅಲ್ಲಿ ತಮಿಳು. ಬಾಗಿಲು ದಾಟಿ ಬೀದಿಗೆ ಬಂದರೆ ಆಟದ ಹುಡುಗರು, ಅಂಗಡಿ, ಶಾಲೆ. ಅಲ್ಲೆಲ್ಲ ಕನ್ನಡ. ಇದರ ಜೊತೆಗೆ ಪೂಜೆಗೆ, ಪಾಠಕ್ಕೆ ಸಂಸ್ಕೃತ. ದಿನಕ್ಕೆ ಹತ್ತು ಸಲ ಮೆಟ್ಟಿಲು ಹತ್ತಿ ಇಳಿಯುವ ಹುಡುಗ ದಿನಕ್ಕೆ ಹತ್ತು ಸಲ ಭಾಷೆ ಬದಲಾಯಿಸುತ್ತಿದ್ದ.

ದೊಡ್ಡವರಾದ ಮೇಲೆ ರಾಮಾನುಜನ್ ಇದಕ್ಕೊಂದು ಲೆಕ್ಕ ಹಾಕಿದರು. ಸಂಸ್ಕೃತ, ಇಂಗ್ಲಿಷ್ ಎರಡೂ ತಮಗೆ ತಂದೆನುಡಿಗಳು, ತಮಿಳು, ಕನ್ನಡ ಎರಡೂ ತಾಯ್ನುಡಿಗಳು ಅಂತ. ಗೌರವ, ಪದವಿ, ನೌಕರಿ ತಂದೆನುಡಿಯ ಕಡೆ. ಊಟ, ಆಟ, ಕಥೆ ತಾಯ್ನುಡಿಯ ಕಡೆ. ಈ ಎರಡರ ನಡುವಿನ ಮೆಟ್ಟಿಲನ್ನು ಅವರು ಕಡೇತನಕ ಹತ್ತಿ ಇಳಿಯುತ್ತಲೇ ಇದ್ದರು.

ಅಪ್ಪನೇ ಒಂದು ಪಾಠ. ಪಂಚೆ, ಪೇಟ, ಅದರ ಮೇಲೆ ಇಂಗ್ಲಿಷ್ ಕೋಟು, ಕಾಲಿಗೆ ಬೂಟು. ಖಗೋಳ ಶಾಸ್ತ್ರವೂ ಬಲ್ಲವರು, ಜಾತಕವೂ ನೋಡುವವರು. ಬೆಳಿಗ್ಗೆ ಗೀತೆ ಓದುವವರು, ಬರ್ಟ್ರಂಡ್ ರಸೆಲ್ ಬಗ್ಗೆಯೂ ಅಷ್ಟೇ ಆಸಕ್ತಿಯಿಂದ ಮಾತಾಡುವವರು. ಇದೆರಡೂ ಒಟ್ಟಿಗೆ ಹೇಗೆ ಸಾಧ್ಯ ಅಂತ ಮಗ ಕೇಳಿದರೆ, ಮಿದುಳಿಗೆ ಎರಡು ಭಾಗ ಇದೆಯಲ್ಲ ಅಂತ ಹೇಳಿ ಸುಮ್ಮನಾಗುತ್ತಿದ್ದರು. ಆ ಉತ್ತರ ಮಗನನ್ನು ಎಷ್ಟು ಕಾಡಿತು ಅಂದರೆ, ಭಾರತೀಯರ ಯೋಚನಾ ಕ್ರಮ ಅಂತ ಒಂದು ಇದೆಯಾ ಅನ್ನುವ ಹೆಸರಾಂತ ಪ್ರಬಂಧಕ್ಕೆ ಅದೇ ಬೀಜವಾಯಿತು.

ಟೈಲರ್ ಹೊಲಿದ ಕೋಟು, ಅಪ್ಪ ಬದಲಾಯಿಸಿದ ಕೋರ್ಸು

ಹುಡುಗನಿಗೆ ಜಾದೂಗಾರ ಆಗುವ ಹುಚ್ಚು ಇತ್ತು. ಬಡಾವಣೆಯ ಟೈಲರ್ ಹತ್ತಿರ ಹೋಗಿ, ಒಳಗೆಲ್ಲ ಗುಟ್ಟಿನ ಜೇಬು, ಎಲಾಸ್ಟಿಕ್ ಪಟ್ಟಿ ಇರುವ ಕೋಟು ಹೊಲಿಸಿಕೊಂಡಿದ್ದ. ಮೊಲ, ಹೂವಿನ ಗುಚ್ಛ ಅಡಗಿಸಿಡೋಕೆ. ಅದನ್ನು ಹಾಕಿಕೊಂಡು ಶಾಲೆಯಲ್ಲಿ, ಕ್ಲಬ್ಬುಗಳಲ್ಲಿ ಆಟ ತೋರಿಸುತ್ತಿದ್ದ. ಆಮೇಲೆ ಕೋಟು ಹೋಯಿತು. ಆದರೆ ಒಂದು ಭಾಷೆಯ ಜೇಬಿನಿಂದ ತೆಗೆದು ಇನ್ನೊಂದು ಭಾಷೆಯಲ್ಲಿ ತೋರಿಸುವ ಕೈಚಳಕ ಉಳಿಯಿತು.

ಕಾಲೇಜಿಗೆ ಸೇರಿದ್ದು ವಿಜ್ಞಾನಕ್ಕೆ. ಗಣಿತದ ಮೇಷ್ಟ್ರ ಮಗ ಅಂದಮೇಲೆ ಇನ್ನೇನು? ಆದರೆ ಮಗನ ತಲೆ ಗಣಿತಕ್ಕೆ ಹೊಂದೋದಲ್ಲ ಅಂತ ಮೊದಲು ಕಂಡುಕೊಂಡಿದ್ದು ಅಪ್ಪನೇ. ಒಂದು ದಿನ ಮಗನ ಕೈ ಹಿಡಿದು ಕಚೇರಿಗೆ ಕರೆದುಕೊಂಡು ಹೋಗಿ ವಿಜ್ಞಾನ ಬಿಡಿಸಿ ಇಂಗ್ಲಿಷ್‌ಗೆ ಸೇರಿಸಿಬಿಟ್ಟರು. ಮಗ ಇಂಜಿನಿಯರೇ ಆಗಬೇಕು ಅಂತ ಹಟ ಹಿಡಿಯುವ ಅಪ್ಪಂದಿರು ಇವತ್ತಿಗೂ ಎಷ್ಟೋ ಜನ. ಇಲ್ಲಿ ಗಣಿತದ ಪ್ರಾಧ್ಯಾಪಕರೇ ಮಗನನ್ನು ಸಾಹಿತ್ಯಕ್ಕೆ ತಳ್ಳಿದರು.

ಮಹಾರಾಜ ಕಾಲೇಜಿನಲ್ಲಿ 1949ರಲ್ಲಿ ಇಂಗ್ಲಿಷ್ ಆನರ್ಸ್, 1950ರಲ್ಲಿ ಎಂ.ಎ. ಮುಗಿಯಿತು.

ಬೆಳಗಾವಿಯಲ್ಲಿ ಕಿವಿ ತೆರೆಯಿತು

ಎಂ.ಎ. ಆದ ಮೇಲೆ ಎಂಟು ವರ್ಷ ಮೇಷ್ಟ್ರ ಕೆಲಸ. ಕೇರಳದ ಕೊಲ್ಲಂ, ತಮಿಳುನಾಡಿನ ಮಧುರೈ, ಆಮೇಲೆ ಬೆಳಗಾವಿಯ ಲಿಂಗರಾಜ ಕಾಲೇಜು, ಅಲ್ಲಿಂದ ಬರೋಡ. ಇದರಲ್ಲಿ ಹೆಚ್ಚು ವರ್ಷ ಇದ್ದಿದ್ದು ಬೆಳಗಾವಿಯಲ್ಲಿ.

ಕ್ಲಾಸಿನಲ್ಲಿ ಇಂಗ್ಲಿಷ್ ಕವಿತೆ ಪಾಠ. ಕ್ಲಾಸು ಬಿಟ್ಟ ಮೇಲೆ ಗಾದೆ, ಒಗಟು, ಕಥೆಗಳ ಬೇಟೆ. ಮನೆಮನೆಯಲ್ಲಿ ಹೆಂಗಸರು ಮಕ್ಕಳಿಗೆ ಹೇಳುತ್ತಿದ್ದ ಕಥೆಗಳನ್ನು ಬರೆದುಕೊಂಡರು. ಆಗ ಇದು ಇಂಗ್ಲಿಷ್ ಮೇಷ್ಟ್ರು ಮಾಡುವ ಕೆಲಸ ಅಂತ ಯಾರೂ ಅಂದುಕೊಂಡಿರಲಿಲ್ಲ. 1955ರಲ್ಲಿ ಕನ್ನಡ ಗಾದೆಗಳ ಮೇಲೆ ಅವರದೊಂದು ಪುಟ್ಟ ಪುಸ್ತಕ ಬಂತು.

ಹಾಗೆ ಸಿಕ್ಕ ಕಥೆಗಳಲ್ಲಿ ಒಂದು ಇದು. ಒಬ್ಬ ಗೃಹಿಣಿಗೆ ಒಂದು ಕಥೆ ಗೊತ್ತಿತ್ತು, ಒಂದು ಹಾಡು ಗೊತ್ತಿತ್ತು. ಯಾರಿಗೂ ಹೇಳಲಿಲ್ಲ, ಹಾಡಲಿಲ್ಲ. ಒಳಗೇ ಉಸಿರುಗಟ್ಟಿದ ಅವೆರಡೂ, ಅವಳು ಬಾಯಿ ತೆರೆದು ನಿದ್ದೆ ಮಾಡುವಾಗ ಆಚೆ ಬಂದವು. ಕಥೆ ಒಂದು ಜೊತೆ ಚಪ್ಪಲಿಯಾಗಿ ಬಾಗಿಲಲ್ಲಿ ಕೂತಿತು, ಹಾಡು ಗಂಡಸರ ಕೋಟಾಗಿ ಗೂಟಕ್ಕೆ ತೂಗಿತು. ಗಂಡ ಬಂದು ನೋಡಿ ಯಾರು ಬಂದಿದ್ದರು ಅಂತ ಕೇಳಿದ. ಯಾರೂ ಇಲ್ಲ ಅಂದಳು. ಜಗಳವಾಯಿತು. ಅವನು ಕಂಬಳಿ ಎತ್ತಿಕೊಂಡು ಆಂಜನೇಯನ ಗುಡಿಗೆ ಮಲಗೋಕೆ ಹೋದ. ಊರಲ್ಲಿ ಆರಿಸಿದ ದೀಪಗಳ ಜ್ಯೋತಿಗಳೆಲ್ಲ ರಾತ್ರಿ ಆ ಗುಡಿಯಲ್ಲಿ ಸೇರಿ ಹರಟೆ ಹೊಡೆಯುತ್ತವಂತೆ. ತಡವಾಗಿ ಬಂದ ಅವನ ಮನೆಯ ದೀಪ ನಡೆದಿದ್ದನ್ನೆಲ್ಲ ಹೇಳಿತು. ಅವನ ಅನುಮಾನ ಹೋಯಿತು. ಬೆಳಿಗ್ಗೆ ಮನೆಗೆ ಬಂದು ಹೆಂಡತಿಯನ್ನು ಆ ಕಥೆ, ಆ ಹಾಡು ಯಾವುದು ಅಂತ ಕೇಳಿದ. ಅವಳಿಗೆ ಎರಡೂ ಮರೆತುಹೋಗಿತ್ತು.

ಹೇಳದ ಕಥೆ ಸೇಡು ತೀರಿಸಿಕೊಳ್ಳುತ್ತೆ, ಕೇಳೋರಿಲ್ಲದಿದ್ದರೆ ಸತ್ತುಹೋಗುತ್ತೆ ಅನ್ನೋದು ರಾಮಾನುಜನ್‌ಗೆ ಈ ಕಥೆಯಲ್ಲಿ ಕಂಡಿದ್ದು. 1987-88ರಲ್ಲಿ ಕಾರ್ನಾಡರು ಷಿಕಾಗೊ ವಿಶ್ವವಿದ್ಯಾಲಯಕ್ಕೆ ಅತಿಥಿಯಾಗಿ ಹೋಗಿದ್ದಾಗ ನಾಗಮಂಡಲ ಬರೆದರು. ಅದರ ಶುರುವಿನಲ್ಲೇ ಗುಡಿಯಲ್ಲಿ ಹರಟುವ ದೀಪಗಳು ಬರುತ್ತವೆ. ಹಾವು ಗಂಡನಾಗುವ ಕಥೆ, ದೀಪಗಳ ಕಥೆ, ಎರಡೂ ರಾಮಾನುಜನ್ ಬಾಯಿಂದ ಕಾರ್ನಾಡರ ಕಿವಿಗೆ ಬಿದ್ದವು.

ಅಮೆರಿಕದಲ್ಲಿ ಕನ್ನಡದ ವ್ಯಾಕರಣ

ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಭಾಷಾವಿಜ್ಞಾನದ ಡಿಪ್ಲೊಮಾ ಮಾಡಿಕೊಂಡು, 1959ರಲ್ಲಿ ಫುಲ್‌ಬ್ರೈಟ್ ವಿದ್ಯಾರ್ಥಿವೇತನದ ಮೇಲೆ ಅಮೆರಿಕಕ್ಕೆ ಹೋದಾಗ ರಾಮಾನುಜನ್‌ಗೆ ಮೂವತ್ತು ವರ್ಷ. ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ಮತ್ತೆ ವಿದ್ಯಾರ್ಥಿ ಆದರು. 1963ರಲ್ಲಿ ಪಿಎಚ್.ಡಿ. ಬಂತು. ವಿಷಯ ಷೇಕ್ಸ್‌ಪಿಯರ್ ಅಲ್ಲ, ಕನ್ನಡ ವ್ಯಾಕರಣ.

ಏನಿದು ವ್ಯಾಕರಣ? ಶಾಲೆಯಲ್ಲಿ ಬಾಯಿಪಾಠ ಮಾಡುವ ಸಂಧಿ, ಸಮಾಸ ಅಲ್ಲ. ಒಂದು ಅಂಗಡಿ ಮುಂದೆ ನಿಂತುಕೊಳ್ಳಿ. ಒಬ್ಬರು ಅಕ್ಕಿ ಕೊಡಿ ಅಂತಾರೆ, ಇನ್ನೊಬ್ಬರು ಅಕ್ಕಿ ಕೊಡ್ತೀರಾ ಅಂತಾರೆ, ಮತ್ತೊಬ್ಬರು ಅಕ್ಕಿ ಕೊಡಬಾರದಾ ಅಂತ ಮುಖ ಸಿಂಡರಿಸುತ್ತಾರೆ. ಮಾತು ಮೂರು, ಬೇಕಾಗಿದ್ದು ಅದೇ ಅಕ್ಕಿ. ಅಂಗಡಿಯವರಿಗೆ ಮೂರೂ ಅರ್ಥವಾಗುತ್ತೆ, ಯಾರಿಗೆ ಅವಸರ, ಯಾರಿಗೆ ಸಿಟ್ಟು ಅಂತಲೂ ಗೊತ್ತಾಗುತ್ತೆ. ಹಿಂದೆಂದೂ ಕೇಳದ ಹೊಸ ವಾಕ್ಯವನ್ನೂ ಆಡೋಕೆ, ತಿಳಿಯೋಕೆ ನಮ್ಮ ತಲೆಯೊಳಗೆ ಒಂದಷ್ಟು ನಿಯಮಗಳು ಇರಲೇಬೇಕು. ಆ ನಿಯಮಗಳನ್ನು ಹುಡುಕಿ ಬರೆಯಬೇಕು ಅನ್ನುವ ವಿಚಾರವನ್ನು 1957ರಲ್ಲಿ ನೋಮ್ ಚಾಮ್ಸ್ಕಿ ಮುಂದಿಟ್ಟಿದ್ದರು. ಅದು ಇನ್ನೂ ಬಿಸಿಬಿಸಿ ಇರುವಾಗಲೇ ರಾಮಾನುಜನ್ ಅದನ್ನು ಕನ್ನಡಕ್ಕೆ ಹಚ್ಚಿ ನೋಡಿದರು.

ಅಷ್ಟೇ ಅಲ್ಲ. ಒಂದೇ ಭಾಷೆ ಜಾತಿಯಿಂದ ಜಾತಿಗೆ ಹೇಗೆ ಬೇರೆಯಾಗುತ್ತೆ ಅನ್ನೋದರ ಮೇಲೂ ವಿಲಿಯಂ ಬ್ರೈಟ್ ಎಂಬ ವಿದ್ವಾಂಸರ ಜೊತೆ ಸೇರಿ ಬರೆದರು. ಒಬ್ಬರ ಮನೆಯಲ್ಲಿ ಬಂದಿದಾನೆ, ಇನ್ನೊಬ್ಬರ ಮನೆಯಲ್ಲಿ ಬಂದವ್ನೆ. ಇದರಲ್ಲಿ ಒಂದು ಸರಿ, ಇನ್ನೊಂದು ತಪ್ಪು ಅಂತ ಮೇಷ್ಟ್ರು ಕೆಂಪು ಗೆರೆ ಎಳೆಯುತ್ತಾರೆ. ಭಾಷಾವಿಜ್ಞಾನಿಗೆ ಎರಡೂ ಸಮ, ಎರಡಕ್ಕೂ ಅದರದೇ ನಿಯಮ ಇದೆ. ಹಳ್ಳಿ ಮಾತು ಆಡಿ ಕಾಲೇಜಿನಲ್ಲಿ ನಗೆಪಾಟಲಾದ ಮಕ್ಕಳು ತಿಳಿದುಕೊಳ್ಳಬೇಕಾದ ವಿಷಯ ಇದು.

ನೆಲಮಾಳಿಗೆಯಲ್ಲಿ ಸಿಕ್ಕ ನಿಧಿ

ಷಿಕಾಗೊ ವಿಶ್ವವಿದ್ಯಾಲಯಕ್ಕೆ ಸೇರಿದ ಹೊಸತು. 1962ರ ಒಂದು ಶನಿವಾರ, ಹಳೆಯ ತಮಿಳಿನ ವ್ಯಾಕರಣ ಪುಸ್ತಕ ಹುಡುಕಿಕೊಂಡು ರಾಮಾನುಜನ್ ಅಲ್ಲಿನ ಗ್ರಂಥಾಲಯದ ನೆಲಮಾಳಿಗೆಗೆ ಇಳಿದರು. ಕೈಗೆ ಸಿಕ್ಕಿದ್ದು ಎರಡು ಸಾವಿರ ವರ್ಷ ಹಿಂದಿನ ತಮಿಳು ಸಂಗಂ ಕವಿತೆಗಳು. ತಮ್ಮ ಮನೆಮಾತಿನಲ್ಲೇ ಇಷ್ಟು ದೊಡ್ಡ ಕಾವ್ಯ ಇತ್ತು ಅನ್ನೋದು ಸರಿಯಾಗಿ ತಿಳಿದಿದ್ದು ಏಳು ಸಮುದ್ರ ದಾಟಿದ ಮೇಲೆ. 1967ರಲ್ಲಿ ಆ ಕವಿತೆಗಳ ಇಂಗ್ಲಿಷ್ ಅನುವಾದ ಪುಸ್ತಕವಾಯಿತು. ಇವತ್ತು ಜಗತ್ತಿನ ವಿಶ್ವವಿದ್ಯಾಲಯಗಳಲ್ಲಿ ಸಂಗಂ ಕಾವ್ಯ ಓದುವವರು ಈ ಪುಸ್ತಕದಿಂದಲೇ ಶುರುಮಾಡುವುದು ಹೆಚ್ಚು.

1973ರಲ್ಲಿ ಬಂದಿದ್ದು ವಚನಗಳ ಸರದಿ. ಬಸವಣ್ಣ, ದೇವರ ದಾಸಿಮಯ್ಯ, ಅಕ್ಕಮಹಾದೇವಿ, ಅಲ್ಲಮಪ್ರಭು ಈ ನಾಲ್ವರ ವಚನಗಳನ್ನು ಆರಿಸಿ ಇಂಗ್ಲಿಷ್‌ಗೆ ತಂದರು. ಪ್ರಕಟಿಸಿದ್ದು ಪೆಂಗ್ವಿನ್ ಸಂಸ್ಥೆ. ಶ್ರೀಕಂಠೇಶ್ವರನ ಊರಿನವರಿಗೆ, ಸುತ್ತೂರು ಜಾತ್ರೆಗೆ ಹೋಗಿಬರುವವರಿಗೆ ವಚನ ಅಂದರೆ ಮನೆಮಾತು. ಆದರೆ ಅದರಲ್ಲಿನ ಅಂಕಿತಗಳನ್ನು ಇಂಗ್ಲಿಷ್‌ನಲ್ಲಿ ಹೇಗೆ ಹೇಳೋದು? ಕೂಡಲಸಂಗಮದೇವ ಅಂತ ಹಾಗೇ ಬಿಟ್ಟರೆ ಲಂಡನ್ನಿನವನಿಗೆ ಅದು ಬರೀ ಒಂದು ಹೆಸರು. ರಾಮಾನುಜನ್ ಆ ಹೆಸರನ್ನು ಬಿಡಿಸಿ, ಸೇರುವ ನದಿಗಳ ಒಡೆಯ ಅನ್ನುವ ಅರ್ಥ ಬರುವಂತೆ ಇಟ್ಟರು. ಟಿ. ನರಸೀಪುರದಲ್ಲಿ ಕಪಿಲೆ ಕಾವೇರಿಯನ್ನು ಸೇರುವುದನ್ನು ಕಣ್ಣಾರೆ ಕಂಡವರಿಗೆ ಆ ಮಾತಿನ ತೂಕ ಥಟ್ಟನೆ ಗೊತ್ತಾಗುತ್ತೆ. ಅಕ್ಕನ ಚೆನ್ನಮಲ್ಲಿಕಾರ್ಜುನ ಮಲ್ಲಿಗೆಯಷ್ಟು ಬೆಳ್ಳಗಿನ ಒಡೆಯ ಆದ. ಮೈಸೂರು ಮಲ್ಲಿಗೆಯ ಊರಿನಲ್ಲಿ ಬೆಳೆದವರಿಗೇ ಇದು ಹೊಳೆಯಬೇಕು.

ದುಡ್ಡಿದ್ದವರು ಗುಡಿ ಕಟ್ಟಿಸುತ್ತಾರೆ, ಇಲ್ಲದವನಿಗೆ ಮೈಯೇ ಗುಡಿ ಅನ್ನುವ ಅರ್ಥದ ಬಸವಣ್ಣನ ವಚನವನ್ನೇ ಹಿಡಿದು ಆ ಪುಸ್ತಕದ ಮುನ್ನುಡಿ ಸಾಗುತ್ತೆ. ಸ್ಥಾವರ, ಜಂಗಮ ಅನ್ನುವ ಎರಡು ಪದಗಳನ್ನು ಬಿಡಿಸಿ ಬಿಡಿಸಿ ಹೇಳುತ್ತಾ, ಹನ್ನೆರಡನೇ ಶತಮಾನದ ಕಲ್ಯಾಣವನ್ನು ಅವರು ಓದುಗರ ಮುಂದೆ ನಿಲ್ಲಿಸಿದರು.

ಎಲ್ಲರೂ ಹೊಗಳಲಿಲ್ಲ. ಕನ್ನಡ ವಚನಕ್ಕೆ ಪಾಶ್ಚಾತ್ಯರಿಗೆ ಒಗ್ಗುವ ಬಣ್ಣ ಬಳಿದಿದ್ದಾರೆ ಅಂತ 1992ರಲ್ಲಿ ವಿದ್ವಾಂಸೆ ತೇಜಸ್ವಿನಿ ನಿರಂಜನ ಕಟುವಾಗಿ ಬರೆದರು. ಆ ಚರ್ಚೆ ಇನ್ನೂ ಮುಗಿದಿಲ್ಲ. ಅನುವಾದದ ಮೇಲೆ ಸಂಶೋಧನೆ ಮಾಡುವ ಇಂಗ್ಲಿಷ್ ವಿದ್ಯಾರ್ಥಿಗಳು ಈ ಎರಡೂ ಕಡೆಯ ಮಾತು ಓದಲೇಬೇಕು.

ಯು.ಆರ್. ಅನಂತಮೂರ್ತಿಯವರ ಸಂಸ್ಕಾರ ಕಾದಂಬರಿಯನ್ನು 1976ರಲ್ಲಿ ಇಂಗ್ಲಿಷ್‌ಗೆ ತಂದವರೂ ಇವರೇ. ಕನ್ನಡದ ಒಂದು ಅಗ್ರಹಾರದ ಕಥೆ ಪ್ರಪಂಚ ಸುತ್ತಿದ್ದು ಆ ಅನುವಾದದ ಮೂಲಕ.

ಬರೀ ಅನುವಾದಕ ಅಲ್ಲ, ಕನ್ನಡ ಕವಿ

ಇಂಗ್ಲಿಷ್‌ನಲ್ಲಿ ಮೊದಲ ಕವನ ಸಂಕಲನ 1966ರಲ್ಲಿ ಬಂತು. ಮೂರೇ ವರ್ಷಕ್ಕೆ, 1969ರಲ್ಲಿ, ಕನ್ನಡದಲ್ಲಿ ಹೊಕ್ಕುಳಲ್ಲಿ ಹೂವಿಲ್ಲ ಸಂಕಲನ. ಮುಂದೆ 1977ರಲ್ಲಿ ಮತ್ತು ಇತರ ಪದ್ಯಗಳು, 1978ರಲ್ಲಿ ಮತ್ತೊಬ್ಬನ ಆತ್ಮಚರಿತ್ರೆ ಕಾದಂಬರಿ, 1990ರಲ್ಲಿ ಕುಂಟೋಬಿಲ್ಲೆ. ಮನೆಮಾತು ತಮಿಳು, ಬದುಕು ಷಿಕಾಗೊದಲ್ಲಿ, ಬರೆದಿದ್ದು ಕನ್ನಡದಲ್ಲಿ. ಬೀದಿಯಲ್ಲಿ ಕಲಿತ ಭಾಷೆಯನ್ನು ಅವರು ಬಿಡಲಿಲ್ಲ. ಕುಂಟೋಬಿಲ್ಲೆ ಅನ್ನುವ ಹೆಸರೇ ಬೀದಿಯ ಆಟದ್ದು.

ಭಾರತ ಸರ್ಕಾರ 1976ರಲ್ಲಿ ಪದ್ಮಶ್ರೀ ಕೊಟ್ಟಿತು. 1983ರಲ್ಲಿ ಅಮೆರಿಕದ ಪ್ರತಿಷ್ಠಿತ ಮ್ಯಾಕ್‌ಆರ್ಥರ್ ಫೆಲೋಶಿಪ್ ಸಿಕ್ಕಿತು.

ಮಾವಿನ ಹಣ್ಣು ತಿಂದ ರಾವಣ

ರಾಮಾನುಜನ್ ಹೆಸರು ದೊಡ್ಡ ಸುದ್ದಿಯಾಗಿದ್ದು ಅವರು ಸತ್ತು ಹದಿನೈದು ವರ್ಷದ ಮೇಲೆ, ಅದೂ ಒಂದು ಜಗಳದಲ್ಲಿ. ಮುನ್ನೂರು ರಾಮಾಯಣಗಳು ಅಂತ ಅವರದೊಂದು ಪ್ರಬಂಧ ಇದೆ. ಅಚ್ಚಾಗಿದ್ದು 1991ರಲ್ಲಿ. ರಾಮಾಯಣ ಒಂದಲ್ಲ, ಊರಿಗೊಂದು, ಭಾಷೆಗೊಂದು, ಹೇಳುವ ಬಾಯಿಗೊಂದು ಅನ್ನೋದು ಅದರ ಸಾರ. ವಾಲ್ಮೀಕಿ, ಕಂಬ, ಜೈನ ರಾಮಾಯಣ, ಥಾಯ್ಲೆಂಡಿನ ರಾಮಾಯಣ ಎಲ್ಲ ಅದರಲ್ಲಿ ಬರುತ್ತೆ.

ಅದರಲ್ಲಿ ನಮ್ಮ ಸೀಮೆಯದೂ ಒಂದು ಇದೆ. ಮೈಸೂರಿನಲ್ಲಿ 1973ರಲ್ಲಿ ಪ್ರಕಟವಾದ ಜಾನಪದ ರಾಮಾಯಣದ ಕಥೆ. ಅದರಲ್ಲಿ ರಾವಣನ ಹೆಸರು ರಾವುಳ. ಮಕ್ಕಳಿಲ್ಲದ ರಾವುಳನಿಗೆ ಒಬ್ಬ ಜೋಗಿ ಮಾವಿನ ಹಣ್ಣು ಕೊಟ್ಟು, ತಿರುಳು ಹೆಂಡತಿಗೆ, ವಾಟೆ ನಿನಗೆ ಅಂತ ಹೇಳುತ್ತಾನೆ. ಆಸೆಬುರುಕ ರಾವುಳ ತಾನೇ ತಿರುಳು ತಿಂದು ಹೆಂಡತಿಗೆ ವಾಟೆ ಕೊಡುತ್ತಾನೆ. ಪರಿಣಾಮ, ಅವನೇ ಬಸುರಿ. ದಿನಕ್ಕೊಂದು ತಿಂಗಳಿನಂತೆ ಒಂಬತ್ತು ದಿನಕ್ಕೆ ದಿನ ತುಂಬಿ, ಅವನು ಸೀತಾಗ ಮೂಗಿನಿಂದ ಮಗು ಹುಟ್ಟುತ್ತೆ. ಸೀತದ್ದರಿಂದ ಹುಟ್ಟಿದವಳು ಸೀತೆ! ಕನ್ನಡ ಬಾರದವರಿಗೆ ಈ ಕಥೆಯ ಮಜ ಸಿಗೋದೇ ಇಲ್ಲ. ರಾಮಾನುಜನ್ ಅದನ್ನು ಪ್ರಪಂಚಕ್ಕೆಲ್ಲ ಬಿಡಿಸಿ ಹೇಳಿದರು.

ದೆಹಲಿ ವಿಶ್ವವಿದ್ಯಾಲಯದ ಬಿ.ಎ. ಇತಿಹಾಸ ವಿದ್ಯಾರ್ಥಿಗಳಿಗೆ ಈ ಪ್ರಬಂಧ ಓದಲು ಇತ್ತು. ಧಾರ್ಮಿಕ ಭಾವನೆಗೆ ನೋವಾಗುತ್ತೆ ಅಂತ ಆಕ್ಷೇಪ ಬಂತು. 2008ರಲ್ಲಿ ಇತಿಹಾಸ ವಿಭಾಗದಲ್ಲಿ ದಾಂಧಲೆ ನಡೆಯಿತು. 2011ರ ಅಕ್ಟೋಬರ್‌ನಲ್ಲಿ ಪ್ರಬಂಧವನ್ನು ಪಠ್ಯದಿಂದ ತೆಗೆದರು. ತೆಗೆದಿದ್ದು ಸರಿ ಅಂದವರೂ ಇದ್ದರು, ವಿರೋಧಿಸಿದ ಅಧ್ಯಾಪಕರು, ವಿದ್ಯಾರ್ಥಿಗಳೂ ಇದ್ದರು. ತಂಬೂರಿ ಹಿಡಿದು ಮನೆಮನೆಗೆ ಬರುವ ದಾಸಯ್ಯಗಳ ಹಾಡು ಕೇಳಿ ಬೆಳೆದ ಹಳ್ಳಿಗರಿಗೆ ಒಂದು ಕಥೆಗೆ ಹತ್ತು ದಾರಿ ಅನ್ನೋದು ಹೊಸದೇನಲ್ಲ.

ಕಥೆ ವಿಯೆನ್ನಾ ತಲುಪಿತು

1993ರ ಜುಲೈನಲ್ಲಿ ಷಿಕಾಗೊದ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಗೆ ಅಣಿ ಮಾಡುವಾಗ ಅರಿವಳಿಕೆ ಮದ್ದು ಮೈಗೆ ಒಗ್ಗದೆ ರಾಮಾನುಜನ್ ತೀರಿಕೊಂಡರು. ವಯಸ್ಸು 64. ಕೆಲಸ ಅರ್ಧಕ್ಕೇ ನಿಂತಿತ್ತು. ನಲವತ್ತು ವರ್ಷ ಕೂಡಿಟ್ಟ ಕನ್ನಡ ಜನಪದ ಕಥೆಗಳ ಪುಸ್ತಕ ಬಂದಿದ್ದು ಅವರು ಹೋದ ನಾಲ್ಕು ವರ್ಷಕ್ಕೆ, 1997ರಲ್ಲಿ. ಅವರ ಇಂಗ್ಲಿಷ್ ಕವನಗಳಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿದ್ದು 1999ರಲ್ಲಿ.

ಆ ಕಥೆಗಳ ಪುಸ್ತಕಕ್ಕೆ ಹೆಸರು ಕೊಟ್ಟಿದ್ದು ಹೂವಿನ ಮರವಾಗುವ ಹುಡುಗಿಯ ಕಥೆ. ಎರಡು ಬಿಂದಿಗೆ ನೀರಿನಿಂದ ಅವಳು ಮರವಾಗುತ್ತಾಳೆ, ಹೂ ಕಿತ್ತ ಮೇಲೆ ಮತ್ತೆ ಹುಡುಗಿಯಾಗುತ್ತಾಳೆ. ಕೊಂಬೆ ಮುರಿಯದ ಹಾಗೆ ಕೀಳಬೇಕು ಅನ್ನೋದೊಂದೇ ಷರತ್ತು. ನಾದಿನಿ ಅದನ್ನು ಮುರಿಯುತ್ತಾಳೆ, ಹುಡುಗಿ ಕೈಕಾಲಿಲ್ಲದೆ ಉಳಿಯುತ್ತಾಳೆ. ಕೊನೆಗೆ ಗಂಡ ಸಿಕ್ಕಿ ಸರಿಹೋಗುತ್ತಾಳೆ. ಕರ್ನಾಟಕದ ಹೆಂಗಸರು ಹೆಣ್ಣುಮಕ್ಕಳಿಗೆ ಹೇಳಿಕೊಂಡು ಬಂದ ಈ ಕಥೆಯನ್ನು ಕಾರ್ನಾಡರು 1992ರಲ್ಲಿ ಚೆಲುವಿ ಅಂತ ಸಿನಿಮಾ ಮಾಡಿದರು. 2006ರಲ್ಲಿ ಅಮೆರಿಕದ ಸಂಗೀತಗಾರ ಜಾನ್ ಆಡಮ್ಸ್ ಅದನ್ನು ಒಪೆರಾ ಮಾಡಿದರು. ಮೊದಲ ಪ್ರದರ್ಶನ ಆಸ್ಟ್ರಿಯಾದ ವಿಯೆನ್ನಾದಲ್ಲಿ, ಮೊಜಾರ್ಟ್ ಹುಟ್ಟಿ 250 ವರ್ಷವಾದ ಸಂಭ್ರಮಕ್ಕೆ.

ಹೆಸರೂ ಗೊತ್ತಿಲ್ಲದ ಯಾವುದೋ ಅಜ್ಜಿ ಹೇಳಿದ ಕಥೆ ಅಷ್ಟು ದೂರ ಹೋಗಿದ್ದು ಒಬ್ಬ ಇಂಗ್ಲಿಷ್ ಮೇಷ್ಟ್ರು ಕೂತು ಕೇಳಿದ್ದರಿಂದ. ಕೇಳುವಾಗ ಅವರು ಮಾಡಿದ್ದು ಸರಳ ಕೆಲಸ. ಯಾರು ಹೇಳಿದರು, ಯಾವ ಊರು, ಯಾವಾಗ ಹೇಳಿದರು ಅಂತ ಬರೆದುಕೊಳ್ಳೋದು. ಅದೇ ಕಥೆಯನ್ನು ಇನ್ನೊಬ್ಬರು ಹೇಗೆ ಹೇಳುತ್ತಾರೆ ಅಂತ ಹೋಲಿಸಿ ನೋಡೋದು. ತಿದ್ದದೆ, ಚಂದ ಮಾಡೋಕೆ ಹೋಗದೆ ಉಳಿಸಿಕೊಳ್ಳೋದು.

ಅವತ್ತು ಅದಕ್ಕೆ ನೋಟ್‌ಬುಕ್ ಬೇಕಿತ್ತು, ಇವತ್ತು ಪ್ರತಿ ಹುಡುಗನ ಜೇಬಿನಲ್ಲಿ ರೆಕಾರ್ಡ್ ಮಾಡುವ ಫೋನ್ ಇದೆ. ಮಾದಪ್ಪನ ಕಥೆ, ಮಂಟೇಸ್ವಾಮಿ ಕಥೆ ಹಾಡುವವರು ಈ ಭಾಗದಲ್ಲಿ ಇನ್ನೂ ಇದ್ದಾರೆ. ರಾತ್ರಿ ಊಟಕ್ಕೆ ಕೂತಾಗ ಕಥೆ ಹೇಳಬಲ್ಲ ಅಜ್ಜಿಯರೂ ಇದ್ದಾರೆ. ಇಂಗ್ಲಿಷ್ ಓದುವ ಮಕ್ಕಳು ಪ್ರಾಜೆಕ್ಟ್‌ಗೆ ವಿಷಯ ಹುಡುಕುವಾಗ ಮೊದಲು ಅವರನ್ನು ಕೇಳಬಹುದು. ತಡ ಮಾಡಿದರೆ ಚಪ್ಪಲಿ, ಕೋಟಿನ ಕಥೆಯ ಗೃಹಿಣಿಗೆ ಆದ ಹಾಗೇ ಆಗುತ್ತೆ.